ಬೀಗದ ಕೈ

ಕನ್ನಡದಲ್ಲಿ ‘ಬೀಗ’ ಎಂಬುದು ಚಮತ್ಕಾರದ ಶಬ್ದ. ಬಾಗಿಲಿಗೆ ಹಾಕುವುದೂ ಬೀಗ. ಮಗಳನ್ನು ಕೊಟ್ಟ ಮನೆಯ ಹಿರಿಯನೂ ಬೀಗ. ಎರಡರ ಮರ್ಜಿಯನ್ನೂ ಅರಿತು ನಡೆದರೆ ಮಾತ್ರ ಮನೆಯೊಳಗೆ ಪ್ರವೇಶ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಬೀಗವನ್ನು ತೆರೆಯುವ ಸಾಧನಕ್ಕೆ ಮೈಸೂರಿನ ಕಡೆ ‘ಬೀಗದ ಕೈ’ ಎನ್ನುತ್ತೇವೆ. ಉತ್ತರ ಕರ್ನಾಟಕದವರು ‘ಕೀಲಿಕೈ’ ಎನ್ನುತ್ತಾರೆ. ಹೇಗೆ ಕರೆದರೂ ‘ಕೈ’ ಮಾತ್ರ ತಪ್ಪಿಲ್ಲ. ಬೀಗಕ್ಕೆ ಮೈಯುಂಟು, ಬಾಯುಂಟು. ಕೈ ಮಾತ್ರ ಬೇರೆಯವರ ವಶದಲ್ಲಿರುತ್ತದೆ. ಆ ಕೈ ಕಳೆದುಹೋದಾಗ ಎಂತಹ ಫಜೀತಿಯಾಗುತ್ತದೆ ಎಂಬುದು ನಿಮಗೆಲ್ಲ ತಿಳಿದೇ ಇರುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಅದು ಕಳೆದುಹೋದಾಗ ಅದರ ಜೊತೆಗೆ ಇನ್ನೇನೋ ಕಳೆದುಹೋಯಿತು. ಅದನ್ನು ಹೇಳುವುದಕ್ಕಾಗಿಯೇ ಈ ಪ್ರಬಂಧ.

ಅದು 1966ರ ಆಷಾಢ ಮಾಸ. ನಾನು ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆ. ಮೈಸೂರಿನ ಅಗ್ರಹಾರದಲ್ಲಿ ನಮ್ಮದೊಂದು ಬಾಡಿಗೆಯ ಹೆಂಚಿನ ಮನೆ. ಮುಂಬಾಗಿಲಿಗೆ ಹಿತ್ತಾಳೆಯ ಭಾರಿ ಬೀಗ. ಅದಕ್ಕೆ ಮೂರು ಕೈಗಳು. ಒಂದು ಕಚೇರಿಗೆ ಹೋಗುವ ತಂದೆಯವರ ಜೇಬಿನಲ್ಲಿರುತ್ತಿತ್ತು. ಇನ್ನೊಂದು ತಾಯಿಯ ಸೆರಗಿನ ತುದಿಯಲ್ಲಿ. ಮೂರನೆಯದು ನಡುಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ತಾಯಿ ಹೊರಗೆ ಹೋಗುವ ದಿನ ನಾನು ಅದನ್ನು ಶಾಲೆಗೆ ಒಯ್ದು, ಹಿಂದಿರುಗಿದ ಮೇಲೆ ಮತ್ತೆ ಮೊಳೆಗೆ ತಗುಲಿಹಾಕಬೇಕೆಂಬುದು ಮನೆಯ ಕಟ್ಟಳೆ.

ಆ ಕಾಲದಲ್ಲಿ ವಾರಾನ್ನದ ಪದ್ಧತಿ ಇನ್ನೂ ಪೂರ್ತಿ ಅಳಿದಿರಲಿಲ್ಲ. ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಊಟ ಮಾಡುತ್ತಿದ್ದರು. ನಮ್ಮ ಮನೆಗೆ ಗುರುವಾರದ ಹುಡುಗನೊಬ್ಬನು ಬರುತ್ತಿದ್ದನು. ಕಾಲೇಜಿನ ಮೊದಲನೆಯ ವರ್ಷದಲ್ಲಿದ್ದ ಅವನು ಮಿತಭಾಷಿ. ಊಟವಾದ ಮೇಲೆ ನಡುಮನೆಯಲ್ಲಿ ಕುಳಿತು ನನಗೆ ಬೀಜಗಣಿತ ಹೇಳಿಕೊಡುತ್ತಿದ್ದನು. ಯಾರೂ ಅವನನ್ನು ಹಾಗೆ ಕೇಳಿಕೊಂಡಿರಲಿಲ್ಲ. ಉಂಡ ಅನ್ನದ ಋಣ ಉಳಿಯಬಾರದೆಂದು ಅವನಾಗಿಯೇ ಹಚ್ಚಿಕೊಂಡ ಕೆಲಸವದು.

ಒಂದು ಶುಕ್ರವಾರ ಬೆಳಿಗ್ಗೆ ನೋಡಿದರೆ ಮೊಳೆಯಲ್ಲಿ ಬೀಗದ ಕೈ ಇರಲಿಲ್ಲ. ಮನೆಯನ್ನೆಲ್ಲ ಜಾಲಾಡಿದೆವು. ಬುಧವಾರ ಶಾಲೆಯಿಂದ ಬಂದೊಡನೆ ಅದನ್ನು ಮೊಳೆಗೆ ತಗುಲಿಹಾಕಿದೆನೆಂದು ನಾನು ಆಣೆಯಿಟ್ಟು ಹೇಳಿದೆ. ಹೇಳುವಾಗ ಅದು ಸುಳ್ಳೆಂದು ನನಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ನಾನೇ, “ನಿನ್ನೆ ಗುರುವಾರ ಅಲ್ಲವೇ?” ಎಂದೆ. ನಾನು ಆಡಿದ್ದು ಅಷ್ಟೇ ಮಾತು. ಯಾರ ಹೆಸರನ್ನೂ ಹೇಳಲಿಲ್ಲ. ತಾಯಿ, “ಛೇ, ಹಾಗೆಲ್ಲ ಅನ್ನಬಾರದು” ಎಂದರು. ಆದರೆ ಆಡಿದ ಮಾತು ಮನೆಯೊಳಗೆ ಉಳಿದುಕೊಂಡಿತು.

ಮರುದಿನ ತಂದೆಯವರು ಬೀಗವನ್ನೂ ತಮ್ಮ ಬಳಿಯಿದ್ದ ಕೈಯನ್ನೂ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ದೇವರಾಜ ಮಾರುಕಟ್ಟೆಯ ಕಡೆಗೆ ಹೊರಟರು. ಮಾರುಕಟ್ಟೆಯ ಹೊರಗೆ ರಸ್ತೆಯ ಬದಿಯಲ್ಲಿ ಬೀಗ ರಿಪೇರಿಯ ಮುದುಕನೊಬ್ಬನು ಗೋಣಿಚೀಲ ಹಾಸಿ ಕುಳಿತಿರುತ್ತಿದ್ದನು. ಎದುರಿಗೆ ಒಂದು ಮರದ ಪೆಟ್ಟಿಗೆ. ಅದರ ಮೇಲೆ ಸಣ್ಣ ಸುತ್ತಿಗೆ, ಇಕ್ಕಳ, ನಾಲ್ಕಾರು ಬಗೆಯ ಅರಗಳು, ಒಂದು ಎಣ್ಣೆಯ ಬುಡ್ಡಿ. ದೊಡ್ಡ ತಂತಿಯ ಬಳೆಯಲ್ಲಿ ನೂರಾರು ಬೀಗದ ಕೈಗಳನ್ನು ಪೋಣಿಸಿದ್ದನು. ಅವುಗಳಲ್ಲಿ ಬಹುಪಾಲು ಇನ್ನೂ ಹಲ್ಲು ಕೊರೆಯದವು. ಯಾವ ಬೀಗಕ್ಕೂ ಇನ್ನೂ ಸೇರದೆ, ಹುಟ್ಟಿಯೂ ಹೆಸರಿಡದ ಮಕ್ಕಳಂತೆ ಅವು ತೂಗುತ್ತಿದ್ದವು.

ನಾವು ಹೋದಾಗ ಒಬ್ಬ ತರುಣನು ಅವನ ಮುಂದೆ ನಿಂತಿದ್ದನು. ಅವನ ಅಂಗೈಯಲ್ಲಿ ಒಂದು ಸಾಬೂನಿನ ತುಂಡು, ಸಾಬೂನಿನ ಮೇಲೆ ಒಂದು ಬೀಗದ ಕೈಯ ಅಚ್ಚು. ಮುದುಕನು ಅದನ್ನು ಮುಟ್ಟಲೂ ಇಲ್ಲ. “ಬೀಗವನ್ನು ತಾ, ಇಲ್ಲದಿದ್ದರೆ ಬೀಗದ ಯಜಮಾನನನ್ನು ಕರೆದುಕೊಂಡು ಬಾ. ಸಾಬೂನು ತಂದವರಿಗೆ ನಾನು ಕೆಲಸ ಮಾಡುವುದಿಲ್ಲ” ಎಂದನು. ತರುಣನು ದುಪ್ಪಟ್ಟು ಹಣ ಕೊಡುತ್ತೇನೆಂದನು. ಮುದುಕನು ತಲೆಯೆತ್ತದೆ ಅರ ಉಜ್ಜುತ್ತಲೇ ಇದ್ದನು. ತರುಣನು ಗೊಣಗುತ್ತ ಹೊರಟುಹೋದನು. ಊರಿನ ಯಾವ ಬೀಗವನ್ನಾದರೂ ತೆರೆಯಬಲ್ಲ ಮನುಷ್ಯನು ಬೀದಿಯ ಬದಿಯಲ್ಲಿ, ಮಾಡೂ ಇಲ್ಲದೆ ಕುಳಿತಿದ್ದಾನಲ್ಲ ಎಂದು ನನಗೆ ಸೋಜಿಗವಾಯಿತು.

ತಂದೆಯವರು ಬೀಗವನ್ನು ಮುಂದಿಟ್ಟು, “ಯಜಮಾನರೇ, ಮೂರರಲ್ಲಿ ಒಂದು ಕೈ ಕಳೆದುಹೋಗಿದೆ. ಇದರಂತೆಯೇ ಇನ್ನೊಂದು ಮಾಡಿಕೊಡಿ” ಎಂದರು.

ಮುದುಕನು ಬೀಗವನ್ನು ತಿರುಗಿಸಿ ನೋಡಿ, “ಎಲ್ಲಿ ಕಳೆಯಿತು, ಸ್ವಾಮಿ?” ಎಂದು ಕೇಳಿದನು. “ದಾರಿಯಲ್ಲಿ ಬಿದ್ದಿದ್ದರೆ ಚಿಂತೆಯಿಲ್ಲ. ಸಿಕ್ಕಿದವನಿಗೆ ಯಾವ ಮನೆಯದೆಂದು ಗೊತ್ತಾಗದು; ಇನ್ನೊಂದು ಕೈ ಮಾಡಿದರೆ ಸಾಕು. ಯಾರ ಮೇಲಾದರೂ ಗುಮಾನಿ ಇದ್ದರೆ ಹಾಗೆ ಮಾಡಿ ಪ್ರಯೋಜನವಿಲ್ಲ. ಒಳಗಿನ ತಗಡುಗಳನ್ನೇ ಬದಲಾಯಿಸಬೇಕು. ಆಗ ಮೂರೂ ಕೈ ಹೊಸದಾಗಿ ಆಗಬೇಕು.”

ತಂದೆಯವರು ಉತ್ತರ ಕೊಡದೆ ನಿಂತರು. ಅವರಿಗೆ ಆ ಪ್ರಶ್ನೆ ಹಿಡಿಸಲಿಲ್ಲವೆಂಬುದು ಈಗ ನನಗೆ ಅರ್ಥವಾಗುತ್ತದೆ. ಆಗ ಅರ್ಥವಾಗಲಿಲ್ಲ. “ಬದಲಾಯಿಸಿಬಿಡೋಣ, ಅಪ್ಪ” ಎಂದು ನಾನೇ ಹೇಳಿದೆ.

ಮುದುಕನು ನನ್ನ ಮುಖವನ್ನು ನೋಡಿ, “ಅರ್ಧ ಗಂಟೆಯ ಕೆಲಸ, ತಮ್ಮಾ. ಆದರೆ ಆಮೇಲೆ ಹಳೆಯ ಕೈ ಸಿಕ್ಕಿದರೂ ಈ ಬೀಗಕ್ಕೆ ಅದು ಆಗುವುದಿಲ್ಲ. ಯೋಚನೆ ಮಾಡಿಕೊಳ್ಳಿ” ಎಂದನು. ತಂದೆಯವರು ತಲೆಯಾಡಿಸಿದರು.

ಅವನು ರಿವೆಟ್ಟುಗಳನ್ನು ಬಿಡಿಸಿ ಬೀಗದ ಬೆನ್ನನ್ನು ತೆಗೆದನು. ಒಳಗೆ ಒಂದರ ಮೇಲೊಂದು ಹಿತ್ತಾಳೆಯ ತೆಳುವಾದ ತಗಡುಗಳು. ಪ್ರತಿಯೊಂದಕ್ಕೂ ಒಂದು ಸ್ಪ್ರಿಂಗು. ಕೈಯ ಒಂದೊಂದು ಹಲ್ಲೂ ಒಂದೊಂದು ತಗಡನ್ನು ಗೊತ್ತಾದ ಎತ್ತರಕ್ಕೇ ಎತ್ತಬೇಕು. ಕಡಿಮೆಯಾದರೂ ಅಗುಳಿ ಸರಿಯದು, ಹೆಚ್ಚಾದರೂ ಸರಿಯದು. ಎಲ್ಲ ತಗಡುಗಳ ಕಂಡಿಗಳೂ ಒಂದೇ ಸಾಲಿಗೆ ಬಂದಾಗ ಮಾತ್ರ ಬೀಗ ತೆರೆಯುತ್ತದೆ. ಮುದುಕನು ಆ ತಗಡುಗಳನ್ನು ಹೊರತೆಗೆದು, ಮೇಲಿನದನ್ನು ಕೆಳಗೆ, ಕೆಳಗಿನದನ್ನು ನಡುವೆ, ಹೀಗೆ ಸರದಿ ಬದಲಾಯಿಸಿ ಜೋಡಿಸಿದನು. ಅನಂತರ ಹೊಸ ಕೈಯೊಂದನ್ನು ಬುಡ್ಡಿಯ ಹೊಗೆಗೆ ಹಿಡಿದು ಮಸಿಮಾಡಿ, ಬೀಗದಲ್ಲಿಟ್ಟು ಮೆಲ್ಲನೆ ತಿರುಗಿಸಿದನು. ಮಸಿ ಅಳಿಸಿದ ಕಡೆ ಅರವಾಡಿಸಿದನು; ಮತ್ತೆ ಮಸಿ, ಮತ್ತೆ ಅರ. ಹಿತ್ತಾಳೆಯ ಪುಡಿ ಅವನ ಪಂಚೆಯ ಮೇಲೆ ಹೊನ್ನಿನ ಹುಡಿಯಂತೆ ಉದುರಿತು. ಕೊನೆಗೊಮ್ಮೆ ‘ಟಕ್’ ಎಂಬ ಸದ್ದಾಯಿತು. ಅವನು ಮೂರು ಕೈಗಳನ್ನೂ ಮುಗಿಸಿ, ಎರಡೂವರೆ ರೂಪಾಯಿ ಪಡೆದು, ಬೀಗವನ್ನು ಪಂಚೆಯ ಅಂಚಿನಿಂದ ಒರಸಿ ಕೊಟ್ಟನು.

ಮುಂದೆ ಪುಸ್ತಕಗಳಲ್ಲಿ ಈ ವಿದ್ಯೆಯ ಚರಿತ್ರೆಯನ್ನು ಓದಿದೆ. ತಗಡನ್ನು ಅಳತೆ ಮೀರಿ ಎತ್ತಿದರೂ ತೆರೆಯದ ಬೀಗಕ್ಕೆ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬವನು 1778ರಲ್ಲಿ ಪೇಟೆಂಟು ಪಡೆದನು. ಲಂಡನ್ನಿನ ಜೋಸೆಫ್ ಬ್ರಾಮಾ ಎಂಬವನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವಿತ್ತು. ಕೈಯಿಲ್ಲದೆ ಅದನ್ನು ತೆರೆಯುವ ಸಾಧನವನ್ನು ಮಾಡಿದವನಿಗೆ 200 ಗಿನಿಗಳ ಬಹುಮಾನವೆಂದು ಸಾರಿದ್ದರು. ದಶಕಗಳು ಕಳೆದರೂ ಯಾರೂ ಅದನ್ನು ಗೆಲ್ಲಲಿಲ್ಲ. 1851ರಲ್ಲಿ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಕುಶಲಿಯು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಅದನ್ನು ತೆರೆದೇಬಿಟ್ಟನು. ಇಂದು ನಾವು ಬಳಸುವ ಚಪ್ಪಟೆಯಾದ ಚಿಕ್ಕ ಕೈಯ ಬೀಗಕ್ಕೆ ಲೈನಸ್ ಯೇಲ್ 1861ರಲ್ಲಿ ಪೇಟೆಂಟು ಪಡೆದನು. ನಮ್ಮ ದೇಶದಲ್ಲಿ ಅಲಿಗಢವೂ ದಿಂಡಿಗಲ್ಲೂ ಬೀಗಗಳಿಗೆ ಹೆಸರಾದ ಊರುಗಳು. ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಇವನ್ನೆಲ್ಲ ಓದಿದಾಗ ನನಗೆ ತೋರಿದ್ದು ಇಷ್ಟು: ತೆರೆಯಲಾಗದ ಬೀಗವನ್ನು ಯಾರೂ ಮಾಡಿಲ್ಲ. ಊರಿನ ಮನೆಗಳು ಸುರಕ್ಷಿತವಾಗಿರುವುದು ಬೀಗಗಳ ಬಲವೊಂದರಿಂದಲೇ ಅಲ್ಲ; ಸಾಬೂನಿನ ತುಂಡನ್ನು ಮುಟ್ಟದ ಅಂತಹ ಮುದುಕರಿಂದಲೂ ಹೌದು.

ಕಥೆಗೆ ಮರಳೋಣ. ಮುಂದಿನ ಗುರುವಾರ ಹುಡುಗನು ಎಂದಿನಂತೆ ಊಟಕ್ಕೆ ಬಂದನು. ಎಂದಿನಂತೆಯೇ ತಾಯಿ ಎಲೆ ಹಾಕಿ ಬಡಿಸಿದರು. ಆದರೆ ಕೋಣೆಯ ಬಾಗಿಲು ಮುಚ್ಚಿತ್ತು. ಗೋಡೆಯ ಮೊಳೆ ಬರಿದಾಗಿತ್ತು. ತಾಯಿಯ ಸೆರಗಿನಲ್ಲಿ ಹೊಳೆಯುವ ಹೊಸ ಕೈಗಳೆರಡು ತೂಗುತ್ತಿದ್ದವು. ಅವನು ಮೊಳೆಯನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದನು. ಊಟ ಮುಗಿಸಿ, ನನಗೆ ಎರಡು ಲೆಕ್ಕ ಬಿಡಿಸಿಕೊಟ್ಟು ಹೊರಟನು. ಅದರ ಮುಂದಿನ ಗುರುವಾರ ಅವನು ಬರಲಿಲ್ಲ. ತಾಯಿ ಎಲೆ ಹಾಕಿ ಬಹಳ ಹೊತ್ತು ಕಾದರು. “ಮೈಯಲ್ಲಿ ಹುಷಾರಿಲ್ಲವೋ ಏನೋ” ಎಂದರು. ಆಮೇಲೆ ಅವನು ಬರಲೇ ಇಲ್ಲ.

ಮಾರ್ಗಶಿರದ ಚಳಿ ಬಂದಿತು. ಆಷಾಢದ ಮಳೆಯಲ್ಲಿ ನೆನೆದ ನನ್ನ ಹಳೆಯ ಕೋಟನ್ನು ಒಣಗಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತಾಯಿ ಅದನ್ನು ಹೊರತೆಗೆದು ಒದರಿದಾಗ ಅಂಚಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಜೇಬು ತೂತಾಗಿತ್ತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿದಾಗ ಅಸ್ತರಿನೊಳಗಿಂದ ಬೀಗದ ಕೈ ಹೊರಬಿತ್ತು. ತಾಯಿ ನನ್ನನ್ನು ಗದರಿಸಲಿಲ್ಲ. ಅದನ್ನು ನನ್ನ ಅಂಗೈಯ ಮೇಲಿಟ್ಟು ಒಳಗೆ ಹೋದರು. ಅದು ತಣ್ಣಗೆ ಕೊರೆಯುತ್ತಿತ್ತು.

ಆ ಸಂಜೆಯೇ ತಂದೆಯವರು ನನ್ನನ್ನು ಕರೆದುಕೊಂಡು ಹುಡುಗನನ್ನು ಹುಡುಕಿಕೊಂಡು ಹೋದರು. ಅವನು ಒಂದು ಛತ್ರದ ಜಗಲಿಯಲ್ಲಿ ಓದುತ್ತ ಕುಳಿತಿದ್ದನು. ನಮ್ಮನ್ನು ಕಂಡು ಎದ್ದು ನಿಂತನು. “ನೀನೇ ಹೇಳು” ಎಂದರು ತಂದೆಯವರು. ನಾನು ತಡವರಿಸುತ್ತ ಎಲ್ಲವನ್ನೂ ಹೇಳಿದೆ. ತಂದೆಯವರು, “ನಮ್ಮಿಂದ ತಪ್ಪಾಯಿತಪ್ಪ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಗುರುವಾರ ಊಟಕ್ಕೆ ಬಾ” ಎಂದರು. ತಮ್ಮ ಮಗನ ಓರಗೆಯವನೊಬ್ಬನ ಮುಂದೆ ಅವರು ತಲೆ ತಗ್ಗಿಸಿದುದನ್ನು ನಾನು ಅಂದೇ ಮೊದಲು ನೋಡಿದೆ.

“ಅಯ್ಯೋ, ಅದಕ್ಕೇನಂತೆ, ಬಿಡಿ ಸಾರ್” ಎಂದನು ಹುಡುಗ. “ಆದರೆ ಗುರುವಾರಕ್ಕೆ ಬೇರೊಂದು ಮನೆ ಗೊತ್ತಾಗಿದೆ. ಹಬ್ಬಕ್ಕೆ ಬರುತ್ತೇನೆ.” ಆಮೇಲೆ ನನ್ನ ಕಡೆ ತಿರುಗಿ, “ಬೀಜಗಣಿತ ಎಲ್ಲಿಗೆ ಬಂತು?” ಎಂದು ಕೇಳಿದನು. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಸಂಕ್ರಾಂತಿಗೆ ಅವನು ಬಂದದ್ದು ನಿಜ. ಜಗಲಿಯಲ್ಲೇ ನಿಂತು ಎಳ್ಳು ಬೆಲ್ಲ ತೆಗೆದುಕೊಂಡನು. “ಒಳಗೆ ಬಾ” ಎಂದು ತಾಯಿ ಕರೆದರೆ, “ಇನ್ನೂ ನಾಲ್ಕು ಮನೆಗೆ ಹೋಗಬೇಕಮ್ಮ” ಎಂದು ನಗುತ್ತ ಹೊರಟುಹೋದನು.

ಹಳೆಯ ಕೈಯನ್ನು ಬೀಗದಲ್ಲಿಟ್ಟು ನೋಡಿದೆ. ಸಲೀಸಾಗಿ ಒಳಗೆ ಹೋಯಿತು, ಆದರೆ ತಿರುಗಲಿಲ್ಲ. ಅದನ್ನು ಮುದುಕನ ಬಳಿಗೆ ಒಯ್ದು, ಹೊಸ ಕೈಗಳಂತೆ ತಿದ್ದಿಕೊಡಲಾದೀತೇ ಎಂದು ಕೇಳಿದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, “ಆಗದು ತಮ್ಮಾ. ಈ ಹಲ್ಲು ಉದ್ದವಾಗಬೇಕಾದ ಕಡೆ ಆಗಲೇ ಸವೆಸಿಯಾಗಿದೆ. ಅರಕ್ಕೆ ತೆಗೆಯುವುದು ಗೊತ್ತು, ಸೇರಿಸುವುದು ಗೊತ್ತಿಲ್ಲ” ಎಂದು ಹಿಂದಕ್ಕೆ ಕೊಟ್ಟನು.

ಈಗ ಬೀಗದ ಕೈ ಮಾಡಲು ಯಂತ್ರಗಳು ಬಂದಿವೆ. ಒಂದು ಕಡೆ ಹಳೆಯ ಕೈಯನ್ನೂ ಇನ್ನೊಂದು ಕಡೆ ಹೊಸದನ್ನೂ ಸಿಕ್ಕಿಸಿದರೆ ಕೆಲವು ನಿಮಿಷಗಳಲ್ಲಿ ಪ್ರತಿ ಸಿದ್ಧವಾಗುತ್ತದೆ. ಕೈಯೇ ಬೇಡದ, ಅಂಕಿಗಳನ್ನು ಒತ್ತಿದರೆ ತೆರೆಯುವ ಬೀಗಗಳೂ ಬಂದಿವೆ. ಯಾವ ಬಾಗಿಲನ್ನೂ ತೆರೆಯದ ಆ ಹಿತ್ತಾಳೆಯ ಕೈ ಮಾತ್ರ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಮನೆಯಲ್ಲಿ ಏನಾದರೂ ಕಾಣೆಯಾಗಿ, ಯಾರಾದರೂ ಯಾರದಾದರೂ ಹೆಸರನ್ನು ನಾಲಗೆಯ ತುದಿಗೆ ತಂದುಕೊಂಡಾಗ, ನಾನು ಎದ್ದು ಹೋಗಿ ಮೊದಲು ನನ್ನ ಕೋಟಿನ ಜೇಬನ್ನು ತಡಕುತ್ತೇನೆ. ಆಮೇಲೆ ಅದರ ಅಸ್ತರನ್ನು.