ಸೆರಗಿನ ಕೊಂಡಿ

ಇಳಕಲ್ ಸೀರೆಯ ಜೀವ ಇರುವುದು ಸೆರಗು ಒಡಲನ್ನು ಕೂಡುವ ಗೆರೆಯಲ್ಲಿ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲೂ ಸುತ್ತಲಿನ ಊರುಗಳಲ್ಲೂ ನೇಯುವ ಈ ಸೀರೆಯ ಒಡಲು ಮೊದಲಿನಿಂದ ಹತ್ತಿಯದು, ಸೆರಗು ರೇಷ್ಮೆಯದು. ಹೆಚ್ಚಿನ ಸೀರೆಗಳಲ್ಲಿ ಹಾಸು, ಅಂದರೆ ಉದ್ದೆಳೆ, ಈ ತುದಿಯಿಂದ ಆ ತುದಿಗೆ ಒಂದೇ. ಸೆರಗು ಬಂದಾಗ ಹೊಕ್ಕಿನ, ಅಂದರೆ ಅಡ್ಡೆಳೆಯ, ಬಣ್ಣವಷ್ಟೇ ಬದಲಾಗುತ್ತದೆ. ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದರೆ ಸೆರಗು ಹಸಿರೂ ಅಲ್ಲ, ಕೆಂಪೂ ಅಲ್ಲ. ಇಳಕಲ್ಲಿಗೆ ಇದು ಒಗ್ಗಲಿಲ್ಲ. ಕೆಂಪೆಂದರೆ ಕೆಂಪೇ ಆಗಬೇಕೆಂದು ಅಲ್ಲಿ ಹಾಸನ್ನೇ ಬದಲಿಸಿದರು. ಕಂಚಿಯ ನೇಕಾರರಿಗೂ ಇಂಥದೇ ಒಂದು ವಿದ್ಯೆ ಗೊತ್ತು; ಆದರೆ ಅಲ್ಲಿ ರೇಷ್ಮೆಗೆ ರೇಷ್ಮೆ ಕೂಡುತ್ತದೆ, ಇಲ್ಲಿ ಹತ್ತಿಗೆ ರೇಷ್ಮೆ.

ಒಡಲಿನ ಹಾಸು, ಸೆರಗಿನ ಹಾಸು ಎರಡೂ ಬೇರೆ ಬೇರೆಯಾಗಿ ಸಿದ್ಧವಾಗುತ್ತವೆ. ಒಡಲಿನ ಎಳೆ ತುದಿಯಲ್ಲಿ ಮಡಿಚಿಕೊಂಡು ಕುಣಿಕೆಯಾಗಿರುತ್ತದೆ. ಅದರೊಳಗೆ ಸೆರಗಿನ ರೇಷ್ಮೆ ಎಳೆಯನ್ನು ತೂರಿಸಿ ಹಿಂದಕ್ಕೆ ಎಳೆದರೆ ಎರಡು ಕುಣಿಕೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅದೇ ಕೊಂಡಿ. ಸೀರೆಯ ಅಗಲದುದ್ದಕ್ಕೂ, ಒಂದೆಳೆಯೂ ತಪ್ಪದಂತೆ ಹೀಗೆ ಕೂಡಿಸಬೇಕು. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ. ಬೆರಳು ಸಣ್ಣಗಿರಬೇಕು, ಕಣ್ಣು ಚುರುಕಾಗಿರಬೇಕು. ಈ ಕೆಲಸ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳದು. ಸೀರೆಯನ್ನು ಹೊಗಳುವವರಿಗೆ ಅವರ ನೆನಪಾಗುವುದು ಅಪರೂಪ.

ಟೋಪ ತೆನಿ ಎಂದು ಹೆಸರಾದ ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಪಟ್ಟೆ. ಬಿಳಿಯ ಅಂಚು ನೇರವಾಗಿ ನಿಲ್ಲದೆ ಕೆಂಪಿನೊಳಕ್ಕೆ ಹಲ್ಲುಹಲ್ಲಾಗಿ ಚಾಚುತ್ತದೆ. ಹಣಿಗೆ, ಕೋಟೆಯ ಗೋಡೆ, ಗುಡ್ಡದ ಸಾಲು, ಜೋಳದ ತೆನೆ ಎಂದೆಲ್ಲ ನೇಕಾರರು ಈ ಹಲ್ಲುಗಳನ್ನು ಗುರುತಿಸುತ್ತಾರೆ. ಜೋಳ ಉಣ್ಣುವ ಸೀಮೆಯ ಸೆರಗಿನಲ್ಲಿ ಮಾವಿನಕಾಯಿಗಿಂತ ಜೋಳ ಇರುವುದೇ ಸರಿ.

ನೂಲು ಯಾವುದಾದರೇನು ಎನ್ನುವಂತಿಲ್ಲ. ಹತ್ತಿಯ ಹಾಸಿಗೆ ಗಂಜಿ ಬೇಕು. ಇಲ್ಲವಾದರೆ ಮಗ್ಗದ ಹಣಿಗೆಯ ತಿಕ್ಕಾಟಕ್ಕೆ ನವಿರೆದ್ದು ಹರಿಯುತ್ತದೆ. ರೇಷ್ಮೆಗೆ ಆ ಹಂಗಿಲ್ಲ, ಬೇರೆ ಖರ್ಚಿದೆ: ಸೋಪಿನ ನೀರಿನಲ್ಲಿ ಕುದಿಸಿ ಅಂಟು ಬಿಡಿಸುವಾಗ ಅದರ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಗುತ್ತದೆ. ಬೆಲೆ ತಗ್ಗಿಸಲು ಬಂದ ರೇಯಾನ್ ಹೊಳಪಿನಲ್ಲಿ ರೇಷ್ಮೆಯನ್ನೂ ಮೀರಿಸುತ್ತದೆ, ಒದ್ದೆಯಾದರೆ ಮಾತ್ರ ಬಲ ಕಳೆದುಕೊಳ್ಳುತ್ತದೆ. ಒಗೆಯುವ ಕಲ್ಲಿಗೆ ಹೆದರಬೇಕಾದ್ದು ಹತ್ತಿಯಲ್ಲ, ಇದು.

ನೇಯುವುದು ಕುಣಿಮಗ್ಗದಲ್ಲಿ. ನೇಕಾರ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಾನೆ. ಹಾಸು ನೆಲಕ್ಕೆ ಹತ್ತಿರವಿರುವುದರಿಂದ ಮಣ್ಣಿನ ತಂಪು ತಾಕಿ ಎಳೆ ಬೇಗ ಹರಿಯುವುದಿಲ್ಲ. ಬಯಲುಸೀಮೆಯ ಒಣಹವೆಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಒಡಲಿಗೊಂದು, ಎರಡು ದಡಿಗೆ ಎರಡು, ಹೀಗೆ ಮೂರು ಲಾಳಿ ಓಡುವುದು ಹಳೆಯ ಕ್ರಮ. ದಡಿಗಳಲ್ಲಿ ಗೋಮಿ, ಗಾಡಿ, ಪರಾಸಪೇಟಿ ಹೆಸರುವಾಸಿ. 6 ಗಜದ್ದು ಈಗಿನ ರೂಢಿ. ಕಚ್ಚೆ ಹಾಕಿ ಉಡುವವರಿಗೆ 9 ಗಜದ್ದು ಬೇಕು. ಮೇಲೆ ಕಸೂತಿ ಬಿದ್ದರೆ ಅದು ಧಾರವಾಡದ ಕಡೆಯ ಸೂಜಿಯ ಕೆಲಸ, ಮಗ್ಗಕ್ಕೆ ಸಂಬಂಧಿಸಿದ್ದಲ್ಲ.

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂತು. ಆದರೂ ವಿದ್ಯುತ್ ಮಗ್ಗದ ‘ಇಳಕಲ್’ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ದಡಿಯ ನಮೂನೆಯನ್ನು ಯಂತ್ರ ಸುಲಭವಾಗಿ ತೆಗೆಯುತ್ತದೆ. ಕೊಂಡಿ ಹಾಕಲು ನಿಂತರೆ ಅದರ ವೇಗಕ್ಕೇ ಅರ್ಥವಿಲ್ಲ. ಹಾಗಾಗಿ ಒಂದೇ ಹಾಸಿನಲ್ಲಿ ಸೀರೆಯ ಮೇಲೆ ಸೀರೆ ಇಳಿಸುತ್ತದೆ. ಕೊಳ್ಳುವವರು ಸೆರಗನ್ನು ಮಗುಚಿ, ಒಡಲಿಗೆ ಕೂಡುವ ಕಡೆ ಬೆರಳಾಡಿಸಬೇಕು. ಅಡ್ಡಕ್ಕೆ ಸಣ್ಣ ಏಣು ಸಿಕ್ಕಿ, ಅಲ್ಲಿಂದಾಚೆ ಉದ್ದೆಳೆಯೂ ಕೆಂಪಾಗಿದ್ದರೆ ಕೊಂಡಿಯ ಸೆರಗು. ಕೆಂಪಿನ ನಡುವೆ ಒಡಲಿನ ಬಣ್ಣ ಇಣುಕಿದರೆ ಹಾಸು ಬದಲಾಗಿಲ್ಲ.