ಕೈಗೆ ತಕ್ಕ ಕತ್ತರಿ

ಶುಭಕಾರ್ಯದ ಕರೆಯನ್ನು ಇಂದು ಮೊಬೈಲಿನ ಮೂಲಕ ಕ್ಷಣಮಾತ್ರದಲ್ಲಿ ನೂರಾರು ಜನರಿಗೆ ತಲುಪಿಸಬಹುದು. ಆದರೂ ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದು ಬಂಧುಗಳ ಮನೆಗೆ ಹೋಗಿ, “ತಪ್ಪದ ಬರ್ರಿ” ಎಂದು ಕರೆಯುವುದರಲ್ಲಿರುವ ಆತ್ಮೀಯತೆಯೇ ಬೇರೆ. ಆ ಪತ್ರಿಕೆಯನ್ನು ಮನೆಯವರೆಲ್ಲ ಕೂಡಿ ಕೈಯಾರೆ ಮಾಡಿದ್ದರಂತೂ ಅದರ ಬೆಲೆ ಇಮ್ಮಡಿಯಾಗುವುದರಲ್ಲಿ ಸಂದೇಹವಿಲ್ಲ. ಇಂಥ ಕಾಗದದ ಕೆಲಸಕ್ಕೆ ಯಾವ ಉಪಕರಣಗಳು ಬೇಕು, ಯಾವುವು ಬೇಡ, ಅವುಗಳನ್ನು ಆರಿಸುವುದು ಹೇಗೆ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಪ್ರಯೋಗದಿಂದ ಕಂಡುಕೊಂಡ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

2024ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿ ನನ್ನ ತಮ್ಮನ ಹೊಸ ಮನೆಯ ಗೃಹಪ್ರವೇಶವಿತ್ತು. ಸಮೀಪದ ಬಂಧುಗಳಿಗೆಂದು 75 ಪತ್ರಿಕೆಗಳನ್ನು ಮನೆಯಲ್ಲಿಯೇ ಮಾಡುವುದೆಂದು ನಿಶ್ಚಯವಾಯಿತು. ಮಡಚಿದ ದಪ್ಪ ಕಾಗದ, ಅದರ ಮುಖದ ಮೇಲೆ ಹಸಿರು ಕಾಗದದಲ್ಲಿ ಕತ್ತರಿಸಿದ ಐದು ಮಾವಿನೆಲೆಗಳ ತೋರಣ, ಒಳಗೆ ಮುದ್ರಿಸಿದ ಒಕ್ಕಣೆಯ ಹಾಳೆ. ಇಷ್ಟೇ ಅದರ ರೂಪ. ಅಳೆದು ಕೊಯ್ಯುವ ಹೊಣೆ ತಮ್ಮನದು, ಮಡಿಕೆಯನ್ನು ಒತ್ತುವುದು 82 ವರ್ಷದ ನಮ್ಮ ಅವ್ವನದು, ಅಂಟಿಸುವುದು ನನ್ನದು ಮತ್ತು ತಮ್ಮನ ಹೆಂಡತಿಯದು. 375 ಮಾವಿನೆಲೆಗಳನ್ನು ಕತ್ತರಿಸುವ ಕೆಲಸವನ್ನು ಒಂಬತ್ತು ವರ್ಷದ ನನ್ನ ಮೊಮ್ಮಗಳಿಗೆ ವಹಿಸಲಾಯಿತು. ಸಾಮಗ್ರಿಗಳನ್ನು ಆರಿಸಿ ತರುವ ಭಾರ ನನ್ನ ಮೇಲೆ ಬಿದ್ದಿತು.

ಅಂಗಡಿಗೆ ಹೋದರೆ ಕಣ್ಣು ಕೋರೈಸುವಷ್ಟು ವಸ್ತುಗಳು. ಹೂವಿನಾಕಾರದಲ್ಲಿ ಕೊರೆಯುವ ಪಂಚುಗಳು, ಅಂಕುಡೊಂಕಾಗಿ ಕತ್ತರಿಸುವ ಕತ್ತರಿಗಳು, ಬಗೆಬಗೆಯ ಅಂಟುಗಳು! ನಾನೊಂದು ನಿಯಮ ಮಾಡಿಕೊಂಡೆ. ನಾವು ಬಳಸಲಿರುವ ಕಾಗದದ ಕೆಲವು ತುಂಡುಗಳನ್ನು ಚೀಲದಲ್ಲಿ ಒಯ್ದು, ಅವುಗಳ ಮೇಲೆ ಪ್ರಯೋಗಿಸಿ ನೋಡದೆ ಯಾವ ಉಪಕರಣವನ್ನೂ ಕೊಳ್ಳಬಾರದು ಎಂಬುದೇ ಆ ನಿಯಮ. ಅಂಗಡಿಯವರು ಮೊದಲು ಮುಖ ಸಿಂಡರಿಸಿದರೂ ಬಳಿಕ ತಾವೇ ಆಸಕ್ತಿಯಿಂದ ತೆಗೆದು ತೋರಿಸತೊಡಗಿದರು.

ಮೊದಲು ಕಾಗದದ ಮಾತು. ಕಾಗದದ ದಪ್ಪವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ತೂಕದಿಂದ ಹೇಳುವುದು ರೂಢಿ. ಬರೆಯುವ, ಮುದ್ರಿಸುವ ಸಾಮಾನ್ಯ ಹಾಳೆ 70–80 ಗ್ರಾಂ ಇರುತ್ತದೆ. ನೆಟ್ಟಗೆ ನಿಲ್ಲಬೇಕಾದ ಪತ್ರಿಕೆಗೆ 200ರಿಂದ 250 ಗ್ರಾಂ ಬೇಕು. ಇದಕ್ಕಿಂತ ಮುಖ್ಯವಾದುದು ಕಾಗದದ ಎಳೆಯ ದಿಕ್ಕು. ಯಂತ್ರದಲ್ಲಿ ತಯಾರಾಗುವಾಗ ಕಾಗದದ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಹರಡಿಕೊಳ್ಳುತ್ತವೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿರಿ. ಯಾವ ಕಡೆಗೆ ಸುಲಭವಾಗಿ ಬಾಗುವುದೋ ಆ ಮಡಿಕೆಯ ಗೆರೆಗುಂಟ ಎಳೆಗಳಿವೆ ಎಂದು ತಿಳಿಯಬೇಕು. ಎಳೆಗುಂಟ ಮಡಚಿದರೆ ಅಂಚು ನುಣುಪಾಗಿ ಕೂಡುತ್ತದೆ. ಅಡ್ಡ ಮಡಚಿದರೆ ಬಿರಿಯುತ್ತದೆ. ನಮ್ಮ ಎ-4 ಹಾಳೆಗಳಲ್ಲಿ ಎಳೆಗಳು ಉದ್ದಕ್ಕೆ ಇದ್ದವು. ಹಾಳೆಯನ್ನು ಅಡ್ಡಲಾಗಿ ಎರಡು ಹೋಳು ಮಾಡಿ ಒಂದೊಂದನ್ನೂ ನಡುವೆ ಮಡಚಿದಾಗ ಮಡಿಕೆ ತಾನಾಗಿ ಎಳೆಗುಂಟ ಬಂದಿತು. ಹೀಗೆ 38 ಹಾಳೆಗಳಲ್ಲಿ 76 ಪತ್ರಿಕೆಗಳಾದವು.

ದಪ್ಪ ಕಾಗದವನ್ನು ನೇರವಾಗಿ ಮಡಚಬಾರದು; ಮೊದಲು ತಗ್ಗಿನ ಗೆರೆಯೊಂದನ್ನು ಎಳೆಯಬೇಕು. ಇದಕ್ಕೆಂದೇ ಎಲುಬಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ನುಣುಪಾದ ಪಟ್ಟಿ ಮಾರಾಟಕ್ಕಿದೆ. ನಾವು ಅದನ್ನೂ, ಮಸಿ ತೀರಿದ ಬಾಲ್ ಪೆನ್ನನ್ನೂ, ಬ್ಲೇಡಿನ ಬೆನ್ನನ್ನೂ ಹೋಲಿಸಿ ನೋಡಿದೆವು. ಬ್ಲೇಡಿನ ಬೆನ್ನು ಕಾಗದದ ನಾರನ್ನೇ ಹರಿಯಿತು. ಮಸಿ ತೀರಿದ ಪೆನ್ನು ಎಲ್ಲಕ್ಕಿಂತ ಚೆನ್ನಾಗಿ ಗೆರೆ ಎಳೆಯಿತು. ಅದಕ್ಕೆ ಖರ್ಚೂ ಇಲ್ಲ. ಗೆರೆಯ ತಗ್ಗು ಹೊರಗೆ, ಉಬ್ಬು ಒಳಗೆ ಬರುವಂತೆ ಮಡಚಿದರೆ ಅಂಚು ಒಡೆಯುವುದಿಲ್ಲ. ಮಡಿಕೆಯನ್ನು ಒತ್ತಲು ಅವ್ವ ಅಡುಗೆಮನೆಯಿಂದ ಸ್ಟೀಲ್ ಚಮಚ ತಂದು ಅದರ ಬೆನ್ನಿನಿಂದ ತಿಕ್ಕಿದಳು. ಬೆರಳ ಸಂದು ನೋಯುವ ಆಕೆಗೆ ಚಪ್ಪಟೆ ಪಟ್ಟಿಗಿಂತ ಚಮಚದ ಹಿಡಿಯೇ ಹಿತವಾಗಿತ್ತು.

ನೇರ ಅಂಚುಗಳಿಗೆ ಕತ್ತರಿಗಿಂತ ಕಟರ್ ಮೇಲು. ತುದಿ ಮೊಂಡಾದಾಗ ಮುರಿದು ಹೊಸ ತುದಿ ಪಡೆಯುವ ಈ ಬಗೆಯ ಅಲಗನ್ನು 1956ರಲ್ಲಿ ಜಪಾನಿನ ಯೋಶಿಯೊ ಒಕಾಡಾ ಎಂಬವರು ರೂಪಿಸಿದರು. ಗೆರೆಗಳಲ್ಲಿ ಮುರಿಯುವ ಚಾಕಲೇಟ್ ಬಿಲ್ಲೆ ಅವರಿಗೆ ಈ ಉಪಾಯವನ್ನು ಹೊಳೆಯಿಸಿತಂತೆ. ಸಣ್ಣ ಕೆಲಸಕ್ಕೆ 9 ಮಿಲಿಮೀಟರ್ ಅಗಲದ ಅಲಗು ಸಾಕು. ಇದರೊಡನೆ ಸ್ಟೀಲ್ ಸ್ಕೇಲನ್ನೇ ಬಳಸಬೇಕು. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಅಲಗು ಕೆತ್ತಿ ಹಾಳುಮಾಡುವುದು. ಒಮ್ಮೆಲೇ ಬಲವಾಗಿ ಒತ್ತದೆ ಎರಡು ಮೂರು ಸಲ ಹಗುರವಾಗಿ ಎಳೆಯುವುದು ಕ್ಷೇಮ. ಮುರಿದ ತುಣುಕುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಬೇಕು. ಮಕ್ಕಳ ಕೈಗೆ ಈ ಕಟರನ್ನು ಕೊಡಲಾಗದೆಂದು ಬೇರೆ ಹೇಳಬೇಕಾಗಿಲ್ಲ.

ಅಂಟಿನ ವಿಷಯ ಸ್ವಲ್ಪದರಲ್ಲಿ ಹೇಳಬಹುದು. ಬಿಳಿಯ ದ್ರವ ಅಂಟಿನಲ್ಲಿ ನೀರಿರುವುದರಿಂದ ತೆಳು ಕಾಗದ ಉಬ್ಬಿ ಸುಕ್ಕುಗಟ್ಟುತ್ತದೆ. ಮೈದಾಹಿಟ್ಟಿನ ಅಂಟು ಅಗ್ಗವಾದರೂ ಜಿರಲೆಗಳಿಗೆ ಆಮಂತ್ರಣ. ಎಲೆಗಳಿಗೆ ಗ್ಲೂಸ್ಟಿಕ್, ಒಳಹಾಳೆಗೆ ಎರಡೂ ಬದಿ ಅಂಟುವ ಟೇಪು ಸರಿಹೋದವು.

ಇನ್ನು ಉಳಿದದ್ದು ಕತ್ತರಿ. ಇಲ್ಲಿಯೇ ನಮ್ಮ ಮನೆ ಹೊಸದೊಂದು ಪಾಠ ಕಲಿತದ್ದು.

ನನ್ನ ಮೊಮ್ಮಗಳು ಎಡಚಿ. ಚಿತ್ರ ಬರೆಯುವುದರಲ್ಲಿ ಚುರುಕಾದ ಆ ಹುಡುಗಿ ಕತ್ತರಿ ಹಿಡಿದರೆ ಮಾತ್ರ ಕಾಗದ ಅಲಗುಗಳ ನಡುವೆ ಮಡಚಿಕೊಳ್ಳುತ್ತಿತ್ತು, ಎಲೆಯ ಅಂಚು ಹರಿಯುತ್ತಿತ್ತು. ಶಾಲೆಯ ಕರಕುಶಲದ ವಹಿಯಲ್ಲಿ ‘ಅಚ್ಚುಕಟ್ಟು ಸಾಲದು’ ಎಂಬ ಷರಾ ಎರಡು ವರ್ಷಗಳಿಂದ ಬರುತ್ತಿತ್ತು. ಹತ್ತು ಎಲೆ ಕತ್ತರಿಸುವಷ್ಟರಲ್ಲಿ ಅವಳು ಕತ್ತರಿಯನ್ನು ಕೆಳಗಿಟ್ಟು, “ಆಯೀ, ನನ್ನ ಕೈನ ಸರಿ ಇಲ್ಲ. ಬ್ಯಾರೆಯವರು ಮಾಡಲಿ” ಎಂದಳು. “ಬಲಗೈಲೆ ಹಿಡಿಯವಾ, ತಾನ ಬರ್ತೈತಿ” ಎಂದು ತಮ್ಮ ಉಪದೇಶಿಸಿದ. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಷ್ಟೆ. ಆದರೆ ಈ ಹುಡುಗಿ ನೆಲವನ್ನು ಬೈಯಲಿಲ್ಲ, ತನ್ನ ಕಾಲನ್ನೇ ಬೈದುಕೊಂಡಳು. ಹಾಗಾದರೆ ನೆಲವನ್ನು ಪರೀಕ್ಷಿಸುವವರು ಯಾರು?

ನಾನು ಮನೆಯಲ್ಲಿದ್ದ ಕತ್ತರಿಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದೆ. ಸಾಮಾನ್ಯ ಕತ್ತರಿಯ ತುದಿಯನ್ನು ಮುಂದಕ್ಕೆ ಮಾಡಿ ಹಿಡಿದರೆ ಮೇಲಿನ ಅಲಗು ಬಲಕ್ಕಿರುತ್ತದೆ. ಹೇಗೆ ಮಗುಚಿದರೂ ಅದು ಬದಲಾಗುವುದಿಲ್ಲ. ಬಲಗೈಯ ಹೆಬ್ಬೆರಳು ಮತ್ತು ಬೆರಳುಗಳ ಸಹಜವಾದ ಒತ್ತಡ ಎರಡು ಅಲಗುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಆದ್ದರಿಂದ ಕಾಗದ ಕತ್ತರಿಸುತ್ತದೆ. ಅದೇ ಒತ್ತಡ ಎಡಗೈಯಿಂದ ಬಂದಾಗ ಅಲಗುಗಳನ್ನು ದೂರ ಸರಿಸುತ್ತದೆ; ಆ ಸಂದಿನಲ್ಲಿ ಕಾಗದ ಮಡಚಿಕೊಳ್ಳುತ್ತದೆ. ಅಷ್ಟೇ ಅಲ್ಲ, ಬಲಗೈಯವರಿಗೆ ಕತ್ತರಿಸುವ ಗೆರೆ ಸ್ಪಷ್ಟವಾಗಿ ಕಂಡರೆ, ಎಡಗೈಯವರಿಗೆ ಮೇಲಿನ ಅಲಗೇ ಅದನ್ನು ಮರೆಮಾಡುತ್ತದೆ. ದೋಷವಿದ್ದುದು ಮಗುವಿನ ಕೈಯಲ್ಲಲ್ಲ.

ಧಾರವಾಡದ ಅಂಗಡಿಯೊಂದರಲ್ಲಿ ‘ಎರಡೂ ಕೈಗೆ ನಡೆಯುತ್ತದೆ’ ಎಂದು ಕತ್ತರಿಯೊಂದನ್ನು ತೋರಿಸಿದರು. ನೋಡಿದರೆ ಹಿಡಿಕೆ ಮಾತ್ರ ಎರಡೂ ಕೈಗೆ ಸಮನಾಗಿತ್ತು, ಅಲಗುಗಳು ಬಲಗೈಯವೇ. ಮೇಲಿನ ಅಲಗು ಎಡಕ್ಕಿರುವ ನಿಜವಾದ ಎಡಗೈ ಕತ್ತರಿಯನ್ನು ಅಳಿಯಂದಿರು ಬೆಂಗಳೂರಿನಿಂದ ತರಿಸಿಕೊಟ್ಟರು.

ಅದು ಬಂದ ದಿನ ಮೂರು ಕತ್ತರಿಗಳ ಪರೀಕ್ಷೆ ನಡೆಯಿತು. ಒಂದೇ ಹಸಿರು ಕಾಗದದ ಮೇಲೆ ನೇರ ಗೆರೆ, ವರ್ತುಲ, ಮಾವಿನೆಲೆ, ಈ ಮೂರನ್ನೂ ಬರೆದು ಎಲ್ಲರೂ ಕತ್ತರಿಸಬೇಕು. ಹೊಸ ಕತ್ತರಿಯನ್ನು ಮೊದಲು ಎತ್ತಿಕೊಂಡವನು ನನ್ನ ತಮ್ಮನೇ. ಬಲಗೈಯಲ್ಲಿ ಹಿಡಿದು ನಾಲ್ಕು ಸಲ ಪ್ರಯತ್ನಿಸಿದ, ಕಾಗದ ಮಡಚಿಕೊಂಡಿತು. “ಈ ಕತ್ತರಿ ಕೆಟ್ಟೈತಿ, ವಾಪಸ್ ಕಳಸ್ರಿ” ಎಂದ. ಮೊಮ್ಮಗಳು ಅದನ್ನು ತನ್ನ ಎಡಗೈಗೆ ತೆಗೆದುಕೊಂಡು ಎಲೆಯೊಂದನ್ನು ಸುತ್ತಲೂ ಕತ್ತರಿಸಿ ಅವನ ಮುಂದಿಟ್ಟಳು. “ಕೆಟ್ಟಿಲ್ಲ ಸಣ್ಣಜ್ಜಾ. ನಿಮ್ಮ ಕೈ ಬಲಗೈ, ಅಷ್ಟ” ಎಂದಳು. ಮನೆಯೆಲ್ಲ ನಕ್ಕಿತು, ತಮ್ಮನೂ ನಕ್ಕ.

ಆಗ ಅವ್ವ ಚಮಚವನ್ನು ಕೆಳಗಿಟ್ಟು, “ಎಡಗೈ ಎಡಗೈ ಅಂತ ಯಾಕ ಹಿಂಗ ಹಳೀತೀರಿ? ದಿನಾ ಪೂಜಿಗೆ ಕೂತಾಗ ಇಷ್ಟಲಿಂಗ ಇಟ್ಟುಕೊಳ್ಳೂದು ಎಡಗೈಯಾಗನ ಅಲ್ಲೇನು?” ಎಂದು ಕೇಳಿದಳು. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ.

375 ಎಲೆಗಳು ಮೂರು ಸಂಜೆಗಳಲ್ಲಿ ಮುಗಿದವು. ಬಲಗೈಯವರು ವರ್ತುಲವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕತ್ತರಿಸಿದರೆ ಎಡಗೈಯವರಿಗೆ ಮುಳ್ಳಿನ ದಿಕ್ಕೇ ಅನುಕೂಲ ಎಂಬುದನ್ನು ಅವಳೇ ಕಂಡುಕೊಂಡಳು. ಹೊಸ ಕತ್ತರಿಯ ಹಿಡಿಕೆಗೆ ಕೆಂಪು ದಾರ ಸುತ್ತಿಟ್ಟಿದ್ದೇವೆ, ಬೇರೆಯವರು ಎತ್ತಿಕೊಂಡು ಬೈಯದಿರಲೆಂದು.

ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಎಂದಮೇಲೆ ಈ ಪತ್ರಿಕೆಯನ್ನು ಓದುವ ಅನೇಕ ಮನೆಗಳಲ್ಲಿ ಅಂಥ ಮಗುವೊಂದು ಇದ್ದೇ ಇರಬೇಕು. ಕಾಗದದ ಕೆಲಸ ಆರಂಭಿಸುವ ತಾಯಂದಿರಿಗೆ ನನ್ನ ಸಲಹೆ ಇಷ್ಟೇ: ಸ್ಟೀಲ್ ಸ್ಕೇಲು, ಕಟರು, ಮಸಿ ತೀರಿದ ಪೆನ್ನು, ಚಮಚ, ಗ್ಲೂಸ್ಟಿಕ್ ಮತ್ತು ಒಂದು ಒಳ್ಳೆಯ ಕತ್ತರಿ ಇದ್ದರೆ ಸಾಕು. ಪಂಚುಗಳೂ ಅಲಂಕಾರದ ಕತ್ತರಿಗಳೂ ಕೈ ಪಳಗಿದ ಮೇಲೆ ಬರಲಿ. ಕತ್ತರಿಯನ್ನು ಕೊಳ್ಳುವಾಗ ಮಾತ್ರ ಅದನ್ನು ಬಳಸುವ ಮಗುವನ್ನೇ ಅಂಗಡಿಗೆ ಕರೆದೊಯ್ದು, ಅದರ ಕೈಯಲ್ಲಿಯೇ ಕಾಗದ ಕತ್ತರಿಸಿ ನೋಡಿರಿ. ಮಗುವಿಗೆ ಕೈ ಬದಲಿಸೆಂದು ಹೇಳುವ ಮುನ್ನ ಕತ್ತರಿಯನ್ನು ಬದಲಿಸಿ ನೋಡುವುದು ಹಿರಿಯರಾದ ನಮ್ಮ ಕರ್ತವ್ಯ.