ಸುತ್ತುವ ಮೋಟಾರು, ನಿಲ್ಲುವ ಮೋಟಾರು

ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ನನ್ನಂಥ ಮೇಷ್ಟ್ರುಗಳಿಗೆ ಬಿಡುವಿರುವುದಿಲ್ಲ. ಸಂಜೆ ಗಂಟೆ ಹೊಡೆದ ಮೇಲೂ ಸ್ಟಾಫ್ ರೂಮಿನ ಬಾಗಿಲಲ್ಲಿ ಇಬ್ಬರು ಮೂವರು ನಿಂತೇ ಇರುತ್ತಾರೆ. ಮೊದಲೆಲ್ಲ ಅವರ ಕೈಯಲ್ಲಿ ಥರ್ಮೋಕೋಲ್ ಜ್ವಾಲಾಮುಖಿ ಇರುತ್ತಿತ್ತು. ಈಗ ಆರ್ಡಿನೊ ಬೋರ್ಡು, ಬಣ್ಣಬಣ್ಣದ ವೈರು. ಕೇಳುವ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಒಂದೇ: 'ಸಾರ್, ಯಾವ ಮೋಟಾರು ತರಲಿ? ಡಿಸಿಯೋ, ಸರ್ವೊನೋ?' ಎಷ್ಟೋ ಸಲ ಹಿಂದೆ ಅಪ್ಪನೋ ಅಮ್ಮನೋ ಪರ್ಸು ಹಿಡಿದುಕೊಂಡು ನಿಂತಿರುತ್ತಾರೆ.

ನಾನು ಅದಕ್ಕೆ ಉತ್ತರ ಹೇಳುವುದಿಲ್ಲ, ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿನ್ನ ಮಾದರಿಯಲ್ಲಿ ಅಲುಗಾಡುವ ವಸ್ತು ಸುತ್ತುತ್ತಲೇ ಇರಬೇಕೋ, ಅಥವಾ ಒಂದಿಷ್ಟು ತಿರುಗಿ ಹೇಳಿದ ಜಾಗದಲ್ಲಿ ನಿಲ್ಲಬೇಕೋ? ಮಗು ಒಂದು ಕ್ಷಣ ಸುಮ್ಮನಾಗುತ್ತದೆ. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಡಿಸಿ ಮೋಟಾರು ಗಾಣದ ಎತ್ತಿನ ಹಾಗೆ. ಬ್ಯಾಟರಿ ಜೋಡಿಸಿದರೆ ಸುತ್ತುತ್ತದೆ, ತಂತಿ ಅದಲುಬದಲು ಮಾಡಿದರೆ ಹಿಂದುಮುಂದಾಗಿ ಸುತ್ತುತ್ತದೆ. ಎಷ್ಟು ಸುತ್ತಿದ್ದೇನೆ, ಎಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಸರ್ವೊ ಹಾಗಲ್ಲ. 'ಮೂರನೇ ಅಂಗಡಿಯ ಮುಂದೆ ನಿಲ್ಲು' ಎಂದರೆ ಅಲ್ಲೇ ಹೋಗಿ ನಿಲ್ಲುವ ವಿಧೇಯ ಹುಡುಗ. ಪಕ್ಕಕ್ಕೆ ತಳ್ಳಿದರೆ ಗುಂಯ್ ಎಂದು ಗೊಣಗುತ್ತಾನೆಯೇ ಹೊರತು ಜಾಗ ಬಿಡುವುದಿಲ್ಲ.

ಇವೆರಡೂ ಬೇರೆ ಬೇರೆ ಜಾತಿ ಎಂದು ಮಕ್ಕಳು ತಿಳಿದಿರುತ್ತಾರೆ. ಅದಕ್ಕೇ ನನ್ನ ಮೇಜಿನ ಡ್ರಾಯರಿನಲ್ಲಿ ಹಲ್ಲು ಮುರಿದ ಒಂದು ಸರ್ವೊ ಇಟ್ಟುಕೊಂಡಿದ್ದೇನೆ. ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿ ತೋರಿಸುತ್ತೇನೆ. ಒಳಗೆ ಕುಳಿತಿರುವುದು ಅದೇ ಡಿಸಿ ಮೋಟಾರು, ಗಾತ್ರ ಮಾತ್ರ ಚಿಕ್ಕದು! ಅದರ ವೇಗ ತಗ್ಗಿಸಿ ಬಲ ಹೆಚ್ಚಿಸಲು ನಾಲ್ಕೈದು ಹಲ್ಲಿನ ಚಕ್ರಗಳು. ಹೊರಗೆ ಬರುವ ಅಚ್ಚಿಗೆ, ಹಳೆಯ ರೇಡಿಯೊದಲ್ಲಿ ಸದ್ದು ಹೆಚ್ಚು ಕಡಿಮೆ ಮಾಡಲು ಇರುತ್ತಿತ್ತಲ್ಲ, ಅಂಥದೇ ಒಂದು ಪೊಟೆನ್ಶಿಯೊಮೀಟರ್. ಅಚ್ಚು ಎಷ್ಟು ತಿರುಗಿದೆ ಎಂಬುದನ್ನು ಅದು ಹೇಳುತ್ತದೆ. ಪಕ್ಕದ ಪುಟ್ಟ ಸರ್ಕ್ಯೂಟು 'ಎಲ್ಲಿರಬೇಕು, ಎಲ್ಲಿದೆ' ಎಂದು ಹೋಲಿಸಿ, ವ್ಯತ್ಯಾಸ ಸೊನ್ನೆಯಾಗುವವರೆಗೂ ಮೋಟಾರನ್ನು ಓಡಿಸುತ್ತದೆ. ಎಲ್ಲಿರಬೇಕು ಎಂಬ ಆಜ್ಞೆ ಬರುವುದು ಮೂರನೇ ತಂತಿಯಲ್ಲಿ. ಸೆಕೆಂಡಿಗೆ 50 ಸಲ ಒಂದು ಮಿಡಿತ. ಆ ಮಿಡಿತದ ಅವಧಿ ಸುಮಾರು 1.5 ಮಿಲಿಸೆಕೆಂಡ್ ಇದ್ದರೆ ನಡುಮಧ್ಯ, ಕಡಿಮೆಯಾದರೆ ಒಂದು ಪಕ್ಕ, ಹೆಚ್ಚಾದರೆ ಇನ್ನೊಂದು ಪಕ್ಕ. ಆರ್ಡಿನೊದಲ್ಲಿ ಇದಕ್ಕೆ ಸಿದ್ಧ ಲೈಬ್ರರಿ ಇರುವುದರಿಂದ ಮಕ್ಕಳು 90 ಎಂದು ಬರೆದು ಮುಗಿಸುತ್ತಾರೆ. ಬರೆಯಲಿ, ಆದರೆ ಒಳಗೇನು ನಡೆಯುತ್ತದೆಂದು ಒಮ್ಮೆಯಾದರೂ ನೋಡಿರಬೇಕು.

ಎನ್‌ಸಿಇಆರ್‌ಟಿ 2022ರಲ್ಲಿ ಹತ್ತನೇ ತರಗತಿಯ ಪಠ್ಯದ ಹೊರೆ ಇಳಿಸುವಾಗ ತೆಗೆದುಹಾಕಿದ ಭಾಗಗಳಲ್ಲಿ ವಿದ್ಯುತ್ ಮೋಟಾರೂ ಒಂದು. ಹೊರೆ ಇಳಿಸಲು ಬೇರೇನೂ ಸಿಗಲಿಲ್ಲವೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಇರಲಿ.

ರೈಲ್ವೆ ಗೇಟಿನ ಮಾದರಿ ಪ್ರತಿವರ್ಷ ಒಂದಾದರೂ ಬರುತ್ತದೆ. ರೈಲು ಬಂದರೆ ಕಂಬಿ ಕೆಳಗೆ, ಹೋದರೆ ಮೇಲೆ. ಒಬ್ಬ ಹುಡುಗ ಇದಕ್ಕೆ ಆಟಿಕೆ ಕಾರಿನ ಹಳದಿ ಗೇರ್ ಮೋಟಾರು ಹಾಕಿದ್ದ. ನಿಮಿಷಕ್ಕೆ 200 ಸುತ್ತಿನದು. ಗೇಟಿಗೆ ಬೇಕಾದದ್ದು ಕಾಲು ಸುತ್ತು ಮಾತ್ರ. ಲೆಕ್ಕ ಹಾಕಿದರೆ ಕಾಲು ಸುತ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಅಷ್ಟರಲ್ಲಿ ಸ್ವಿಚ್ಚು ಆರಿಸುವ ಬೆರಳು ಯಾರಿಗಿದೆ? ಕಂಬಿ ಹೋಗಿ ಕಂಬಕ್ಕೆ ಬಡಿದು ಎರಡು ತುಂಡಾಯಿತು. ಅದೂ ತೀರ್ಪುಗಾರರ ಎದುರಿಗೇ. ಹುಡುಗನ ಕಣ್ಣಲ್ಲಿ ನೀರು. ಅದು ಸರ್ವೊ ಮಾಡಬೇಕಾದ ಕೆಲಸ. ಕಸದ ಡಬ್ಬಿಯ ಮುಚ್ಚಳ, ಬಿಸಿಲಿನ ಕಡೆ ವಾಲುವ ಸೋಲಾರ್ ಫಲಕ, ರೋಬೋ ಕೈಯ ಮೊಣಕೈ, ಎಲ್ಲವೂ ಅದೇ ಗುಂಪು.

ಹಾಗೆಂದು ಸರ್ವೊ ಮೇಲು, ಡಿಸಿ ಕೀಳು ಎಂದುಕೊಂಡವರೂ ಇದ್ದಾರೆ. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ತಂದೆ ಮಗನ ಕಾರಿಗೆ ಲೋಹದ ಹಲ್ಲಿನ ನಾಲ್ಕು ದೊಡ್ಡ ಸರ್ವೊ ಕೊಡಿಸಿದ್ದರು. 'ಒಳ್ಳೆಯದೇ ಇರಲಿ ಅಂತ ದುಬಾರಿಯದು ತಂದೆ ಸಾರ್' ಎಂದರು. ಮಾಮೂಲಿ ಸರ್ವೊ ತಿರುಗುವುದು ಸುಮಾರು 180 ಡಿಗ್ರಿ, ಅರ್ಧ ಸುತ್ತು. ಚಕ್ರಕ್ಕೆ ಹಾಕಿದರೆ ಕಾರು ಒಂದು ಗೇಣು ಹೋಗಿ ನಿಲ್ಲುತ್ತದೆ. ನಿಲ್ಲದೆ ಸುತ್ತುವ ಸರ್ವೊಗಳೂ ಇವೆ, ನಿಜ. ಆದರೆ ಅವು ಹೇಳಿದ ಜಾಗದಲ್ಲಿ ನಿಲ್ಲುವ ಗುಣವನ್ನೇ ಬಿಟ್ಟುಕೊಟ್ಟಿರುತ್ತವೆ. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಒಂದು ಸರ್ವೊ ಕಾರಿನ ಮೂತಿಯ ಮೇಲೆ ಕುಳಿತು ಸೆನ್ಸರನ್ನು ಎಡಕ್ಕೂ ಬಲಕ್ಕೂ ತಿರುಗಿಸಿತು, ಚಕ್ರಗಳಿಗೆ ಅಗ್ಗದ ಹಳದಿ ಮೋಟಾರುಗಳೇ ಬಂದವು. ಪೋಷಕರಿಗೆ ನನ್ನ ಬಿನ್ನಹವೆಂದರೆ, ಪ್ಲಾಸ್ಟಿಕ್ ಹಲ್ಲಿನ ಸಣ್ಣ ಸರ್ವೊ ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಮೊದಲು ಒಂದನ್ನೇ ತಂದು ನೋಡಿ.

ಆ ಸಣ್ಣ ಸರ್ವೊದ ತೂಕ 9 ಗ್ರಾಂ, ಬಲ ಸುಮಾರು 1.8 ಕೆ.ಜಿ.-ಸೆಂ.ಮೀ. ಇದನ್ನು ಓದಿ 'ಸಾರ್, ಪೌಣೆರಡು ಕೆ.ಜಿ. ಎತ್ತುತ್ತದಂತೆ' ಎಂದು ಹಿಗ್ಗುವವರಿದ್ದಾರೆ. ಅಚ್ಚಿನಿಂದ ಒಂದೇ ಸೆಂಟಿಮೀಟರ್ ದೂರದಲ್ಲಾದರೆ ಸರಿ. ಹತ್ತು ಸೆಂ.ಮೀ. ತೋಳಿನ ತುದಿಯಲ್ಲಿ 180 ಗ್ರಾಂ ಮಾತ್ರ, ಅದೂ ಏದುಸಿರು ಬಿಟ್ಟು ನಿಂತುಹೋಗುವ ಮಿತಿ. ಅದರ ಅರ್ಧದಲ್ಲಿ ಕೆಲಸ ಮುಗಿಸುವುದು ಕ್ಷೇಮ. ಇಲ್ಲದಿದ್ದರೆ ಹಲ್ಲು ಮುರಿದು ನನ್ನ ಡ್ರಾಯರು ಸೇರುತ್ತದೆ. ನಿಜವಾದ ರೈಲ್ವೆ ಗೇಟಿನ ಹಿಂತುದಿಯಲ್ಲಿ ತೂಕದ ಗುಂಡು ಕಟ್ಟಿರುವುದನ್ನು ನೋಡಿದ್ದೀರಲ್ಲ? ಮಾದರಿಯಲ್ಲೂ ಹಾಗೆ ನಾಲ್ಕು ನಟ್ಟು ಕಟ್ಟಿದರೆ ಪುಟ್ಟ ಸರ್ವೊಗೂ ಆಯಾಸವಿಲ್ಲ.

ಇನ್ನು ವಿದ್ಯುತ್ತಿನ ವಿಷಯ. 'ಪ್ರೋಗ್ರಾಂ ತಪ್ಪಾಗಿದೆ ಸಾರ್, ಬೋರ್ಡು ತಾನಾಗಿ ಮತ್ತೆ ಮತ್ತೆ ಶುರುವಾಗುತ್ತದೆ' ಎಂದು ಬರುವವರಲ್ಲಿ ಬಹಳ ಮಂದಿಯ ಪ್ರೋಗ್ರಾಂ ಸರಿಯಾಗಿಯೇ ಇರುತ್ತದೆ. ಸರ್ವೊ ಹೊರಡುವಾಗ ಗಬಕ್ಕನೆ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ, ಬೋರ್ಡಿಗೆ ಉಸಿರು ಕಟ್ಟುತ್ತದೆ. ಆ ಚೌಕದ 9 ವೋಲ್ಟ್ ಬ್ಯಾಟರಿಯಂತೂ ಮೋಟಾರಿಗೆ ಬೇಡವೇ ಬೇಡ, ವೋಲ್ಟ್ ಇದೆ, ತಾಕತ್ತಿಲ್ಲ. ನಾಲ್ಕು ಪೆನ್‌ಟಾರ್ಚ್ ಸೆಲ್ಲಿನ ಡಬ್ಬಿಯನ್ನು ಸರ್ವೊಗೆ ಬೇರೆಯಾಗಿಯೇ ಕೊಡಿ, ಬೋರ್ಡಿನ ಮತ್ತು ಡಬ್ಬಿಯ ಋಣ ತಂತಿಗಳನ್ನು ಮಾತ್ರ ಒಂದುಗೂಡಿಸಿ. ಡಿಸಿ ಮೋಟಾರನ್ನು ಬೋರ್ಡಿನ ಪಿನ್ನಿಗೆ ನೇರವಾಗಿ ಚುಚ್ಚಲೇಬಾರದು. ಊನೋ ಬೋರ್ಡಿನ ಒಂದು ಪಿನ್ನಿನಿಂದ ನೆಮ್ಮದಿಯಾಗಿ ಪಡೆಯಬಹುದಾದದ್ದು 20 ಮಿಲಿಆಂಪಿಯರ್. ನಡುವೆ ಎಲ್293ಡಿ ಅಥವಾ ಎಲ್298ಎನ್ ಚಿಪ್ಪಿನ ಡ್ರೈವರ್ ಬೇಕು. ಹೀಗಾಗಿ ಡಿಸಿ ಮೋಟಾರಿನ ಅಗ್ಗದ ಬೆಲೆಗೆ ಡ್ರೈವರಿನ ಖರ್ಚೂ ಸೇರಿಸಿಯೇ ಲೆಕ್ಕ ಹಾಕಬೇಕು.

ಎಲ್ಲ ಮಾದರಿಯೂ 'ಸುತ್ತು' ಅಥವಾ 'ನಿಲ್ಲು' ಎಂದು ಸಲೀಸಾಗಿ ಬೇರೆಯಾಗುವುದಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಲಿಫ್ಟಿನ ಮಾದರಿ ಮಾಡಲು ಹೊರಟಳು. ನೆಲದಿಂದ ಮೂರನೇ ಮಹಡಿಗೆ 45 ಸೆಂ.ಮೀ. ಎತ್ತರ. ಹಲವು ಸುತ್ತು ಸುತ್ತಬೇಕು, ಪ್ರತಿ ಮಹಡಿಯಲ್ಲಿ ನಿಲ್ಲಲೂ ಬೇಕು. ಅವಳು ಸರ್ವೊ ಪರ. ನಾನು ಬೇಡವೆನ್ನಲಿಲ್ಲ, ದಾರ ಸುತ್ತುವ ಗಾಲಿ ಎಷ್ಟು ದೊಡ್ಡದಿರಬೇಕು ಎಂದು ಲೆಕ್ಕ ಹಾಕಿ ತಾ ಎಂದೆ. ಮರುದಿನ ನೋಟ್‌ಬುಕ್ ಹಿಡಿದು ಬಂದಳು. ಅರ್ಧ ಸುತ್ತಿಗೆ 45 ಸೆಂ.ಮೀ. ದಾರ ಸುತ್ತಬೇಕಾದರೆ ಗಾಲಿಯ ಅಡ್ಡಗಲ ಸುಮಾರು 29 ಸೆಂ.ಮೀ., ಊಟದ ತಟ್ಟೆಯಷ್ಟು! ಅಷ್ಟು ದೂರದಲ್ಲಿ ಆ ಪುಟ್ಟ ಸರ್ವೊ ಎತ್ತುವುದು 125 ಗ್ರಾಮಿನಷ್ಟು. 'ಆಗಲ್ಲ ಸಾರ್' ಎಂದು ಅವಳೇ ಹೇಳಿದಳು.

ನಿಮಿಷಕ್ಕೆ 60 ಸುತ್ತಿನ ಡಿಸಿ ಗೇರ್ ಮೋಟಾರು, ಮೂರು ಸೆಂ.ಮೀ. ಅಡ್ಡಗಲದ ದಾರದುಂಡೆ. ಐದು ಸುತ್ತಿಗೆ ತುಸು ಕಡಿಮೆ, ಐದು ಸೆಕೆಂಡಿನೊಳಗೆ ಮೇಲಕ್ಕೆ. ಎಲ್ಲಿದ್ದೇನೆಂದು ಮೋಟಾರಿಗೆ ತಿಳಿಯದಲ್ಲ, ಅದನ್ನು ಹೇಳಲು ಪ್ರತಿ ಮಹಡಿಯಲ್ಲೂ ಒಂದು ಸ್ವಿಚ್ಚು. ಹೊಸದು ಕೊಳ್ಳಲಿಲ್ಲ. ಕೆಟ್ಟುಹೋದ ಎರಡು ಕಂಪ್ಯೂಟರ್ ಮೌಸ್ ಬಿಚ್ಚಿದರೆ ಕ್ಲಿಕ್ ಎನ್ನುವ ಪುಟ್ಟ ಸ್ವಿಚ್ಚುಗಳು ಬೇಕಾದಷ್ಟು ಸಿಕ್ಕವು. ಲಿಫ್ಟಿನ ಪೆಟ್ಟಿಗೆ ಹಾದುಹೋಗುವಾಗ ಅದನ್ನು ಒತ್ತಿದರೆ ಬೋರ್ಡು ಮೋಟಾರನ್ನು ನಿಲ್ಲಿಸುತ್ತದೆ. ಸರ್ವೊದ ಒಳಗಿನ ಪೊಟೆನ್ಶಿಯೊಮೀಟರ್ ಮಾಡುವ ಕೆಲಸವನ್ನೇ ಅವಳು ಹೊರಗೆ ಸ್ವಿಚ್ಚುಗಳಿಂದ ಮಾಡಿಸಿದ್ದಳು.

ಆರಿಸಿದ ಮೇಲೂ ಡಿಸಿ ಮೋಟಾರು ಒಂದಿಷ್ಟು ಓಡುತ್ತದೆ. ಮೊದಲ ದಿನ ಪೆಟ್ಟಿಗೆ ಮಹಡಿಯಿಂದ ಒಂದು ಬೆರಳು ಮೇಲಕ್ಕೆ ಹೋಗಿ ನಿಂತಿತು. ಸ್ವಿಚ್ಚುಗಳನ್ನು ಒಂದು ಬೆರಳು ಕೆಳಗೆ ಸರಿಸಿದಳು, ಸರಿಹೋಯಿತು. ಪೆಟ್ಟಿಗೆಯಲ್ಲಿ ಒಂದು ದಪ್ಪ ಸೆಲ್ ಇಟ್ಟು ನೋಡಿದಾಗ ಮತ್ತೆ ಕೆಳಗೇ ನಿಂತಿತು. ಹಗುರವಾದಾಗ ಒಂದು ಕಡೆ, ಭಾರವಾದಾಗ ಇನ್ನೊಂದು ಕಡೆ. ದೊಡ್ಡ ಕಟ್ಟಡಗಳ ಲಿಫ್ಟಿನಲ್ಲಿ ಎದುರು ತೂಕ ಯಾಕೆ ಕಟ್ಟುತ್ತಾರೆ ಎಂದು ಅವಳು ಕೇಳಿದ್ದು ಆ ಸಂಜೆಯೇ. ಕತ್ತಲಾಗುತ್ತಿತ್ತು. ಅವಳ ಅಮ್ಮ ಗೇಟಿನ ಹತ್ತಿರ ಕಾಯುತ್ತಿದ್ದರು. ನಾಳೆ ಒಂದು ಗಟ್ಟಿ ದಾರ, ಅಡುಗೆಮನೆಯ ತಕ್ಕಡಿಯ ನೂರು ಗ್ರಾಂ ಬೊಟ್ಟು ತಾ ಎಂದು ಕಳಿಸಿದೆ.